ಪಿಯುಸಿ ಫ್ರೆಂಚು

ಪಿಯುಸಿಯಲ್ಲಿ ನನಗೆ ಫ್ರೆಂಚಿನಲ್ಲಿ ತೊಂಬತ್ತೆರಡು ಬಂದಿತ್ತು. ಕನ್ನಡ ತೆಗೆದುಕೊಂಡವರಿಗಿಂತ ಫ್ರೆಂಚ್ ತೆಗೆದುಕೊಂಡವರಿಗೆ ಮಾರ್ಕು ಜಾಸ್ತಿ ಬೀಳುತ್ತದೆ ಎಂದು ಮೈಸೂರಿನಲ್ಲಿ ಆಗ ಯಾರೋ ಹಬ್ಬಿಸಿದ್ದರು. ನಮ್ಮ ಕ್ಲಾಸಿನ ಅರ್ಧ ಹುಡುಗಿಯರು ಅದನ್ನು ನಂಬಿ ಆ ಕಡೆ ಹೋದೆವು. ಪಾಠ ಹೇಳಿದ ಮೇಷ್ಟರು ಫ್ರಾನ್ಸ್ ಹಾಗಿರಲಿ, ಪಾಂಡಿಚೇರಿಯನ್ನೂ ನೋಡಿದವರಲ್ಲ. ಗೈಡಿನಲ್ಲಿದ್ದ ಇಪ್ಪತ್ತು ಪ್ರಬಂಧ ಉರು ಹೊಡೆದೆವು, ಬರೆದೆವು, ಮರೆತೆವು. ಆ ತೊಂಬತ್ತೆರಡರ ಜಂಬದಲ್ಲಿ ಇಪ್ಪತ್ತಾರು ವರ್ಷದ ಮೇಲೆ ನಾನು ಏನು ಮಾಡಿದೆ ಎಂಬುದನ್ನು ಹೇಳಿಬಿಡುತ್ತೇನೆ. ಹೊಟ್ಟೆಯಲ್ಲೇ ಇಟ್ಟುಕೊಂಡು ಸಾಕಾಗಿದೆ.

ನಾವಿದ್ದದ್ದು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ, ಬಾಡಿಗೆ ಮನೆ. ನನ್ನ ಗಂಡ ಬದರಿನಾಥ್ ಈಸ್ಟ್ ತಮಾಕಿಯ ಒಂದು ಗೋದಾಮಿನ ಕಂಪನಿಗೆ ಆರು ವರ್ಷ ಕಾಂಟ್ರಾಕ್ಟಿನ ಮೇಲೆ ಕೆಲಸ ಮಾಡಿದ್ದರು. ಅಲ್ಲಿನ ಕಂಪ್ಯೂಟರು ಹಳೆಯದು, ಅದರ ಪ್ರೋಗ್ರಾಮಿನ ಭಾಷೆ ಇನ್ನೂ ಹಳೆಯದು, ತಲೆ ನರೆತವರಿಗೆ ಮಾತ್ರ ಬರುವಂಥದ್ದು. 2012ರ ಜುಲೈಯಲ್ಲಿ ಕಂಪನಿಯವರು ಹೊಸ ಸಾಫ್ಟ್‌ವೇರ್ ತಂದರು, ಒಂದು ಕೇಕು ಕತ್ತರಿಸಿ ಇವರಿಗೆ ಕೈಕುಲುಕಿ ಕಳಿಸಿದರು.

ನಮಗೆ ಊಟಕ್ಕೇನೂ ತೊಂದರೆಯಾಗಲಿಲ್ಲ. ನಾನು ಹತ್ತಿರದ ಶಾಲೆಯ ಆಫೀಸಿನಲ್ಲಿ ಕೆಲಸದಲ್ಲಿದ್ದೆ. ಪೆಟ್ಟು ಬಿದ್ದದ್ದು ಬದರಿಯ ಹೆಸರಿಗೆ. 'ಬದರಿ ಮುಟ್ಟಿದ ಪ್ರೋಗ್ರಾಂ ಕೆಡಲ್ಲ' ಎಂದು ಆಕ್ಲೆಂಡಿನ ನಮ್ಮ ಜನ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಈ ಮನುಷ್ಯ ಕನ್ನಡಕ ಒರೆಸಿಕೊಂಡು ನಾಚಿಕೊಳ್ಳುತ್ತಿದ್ದರು. ಏಳು ತಿಂಗಳು ಕಳೆದ ಮೇಲೆ ಅದೇ ಜನ 'ಪಾಪ, ಬದರಿ' ಎನ್ನತೊಡಗಿದರು. ಯುಗಾದಿಯ ಊಟಕ್ಕೆ ಹೋದರೆ ಪಾಪ, ಡೈರಿಗೆ ಹಾಲು ತರಲು ಹೋದಾಗ ಯಾರಾದರೂ ಸಿಕ್ಕರೆ ಪಾಪ. ಆ ಎರಡಕ್ಷರ ಅವರ ಹೆಸರಿಗೆ ಅಂಟಿಕೊಂಡದ್ದನ್ನು ನೋಡಿ ನನ್ನ ಮೈ ಉರಿಯುತ್ತಿತ್ತು. ಅದನ್ನು ಕಿತ್ತುಹಾಕಬೇಕು, ಯಾರಾದರೂ ಒಬ್ಬರು ಇವರನ್ನು ಬೇಕು ಎಂದು ಕರೆಯಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ, ಆದರೆ ಅದು ಅತಿಯಾಗಿ ಬೇಕಾಗಿತ್ತು.

ನ್ಯೂಜಿಲೆಂಡಿನಲ್ಲಿ ಆ ಹಳೆಯ ಭಾಷೆ ಕೇಳುವವರಿರಲಿಲ್ಲ. ಬದರಿ ಹೊರದೇಶಗಳಿಗೆ ಅರ್ಜಿ ಹಾಕಿದರು. ಜರ್ಮನಿಯವರು ಜರ್ಮನ್ ಬರುತ್ತದೆಯೇ ಎಂದು ಕೇಳಿದರು. ಹಾಲೆಂಡಿನವರು ಡಚ್ ಬರುತ್ತದೆಯೇ ಎಂದರು. ಜಪಾನಿನವರು ಬಹಳ ವಿನಯದಿಂದ ಉತ್ತರ ಬರೆದರು, ಆ ಉತ್ತರವೇ ಜಪಾನಿ ಭಾಷೆಯಲ್ಲಿತ್ತು. ಹೀಗಿರುವಾಗ ಏಪ್ರಿಲ್‌ನಲ್ಲಿ ಸಿಡ್ನಿಯಿಂದ ಒಂದು ಫೋನು ಬಂತು. ಚಂದ್ರಹಾಸ ಅಂತೆ, ಹುಬ್ಬಳ್ಳಿಯವನಂತೆ, ಕಂಪ್ಯೂಟರ್ ಕೆಲಸಕ್ಕೆ ಜನ ಹುಡುಕಿಕೊಡುವ ಏಜೆಂಟಂತೆ. ಬದರಿ ಸ್ಪೀಕರ್ ಹಾಕಿದರು.

"ಬದರಿನಾಥ್ ಸರ್, ಆರಾಮ ಅದೀರೇನ್ರಿ? ನಿಮ್ಮಂಥಾವ್ರು ಸಿಗೂದು ಭಾಳ ಕಷ್ಟ ನೋಡ್ರಿ ಈಗ. ನ್ಯೂ ಕ್ಯಾಲೆಡೋನಿಯಾದಾಗ ಆರು ತಿಂಗಳ ಕಾಂಟ್ರಾಕ್ಟ್ ಐತಿ. ನಿಮ್ಮ ಆಕ್ಲೆಂಡಿಂದ ಮೂರು ತಾಸು ವಿಮಾನ ಅಷ್ಟ."

"ಅಲ್ಲಿ ಫ್ರೆಂಚ್ ಅಲ್ವೇ?" ಎಂದರು ಬದರಿ.

"ಇರ್ಲಿ ಬಿಡ್ರಿ. ಅವರಿಗೆ ಇಂಗ್ಲಿಷ್ ಬರಂಗಿಲ್ಲ, ನಿಮಗ ಫ್ರೆಂಚ್ ಬರಂಗಿಲ್ಲ. ಕೋಡಿಗೆ ಯಾವ ಭಾಷಾರೀ ಸರ್? ಮನ್ಯಾಗ ಯಾರಿಗರ ಒಂದೀಟು ಫ್ರೆಂಚ್ ಬರ್ತೈತೇನು?"

ಬದರಿ ನನ್ನ ಕಡೆ ನೋಡಿದರು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಕಳೆ ಕಂಡಿತು. "ನನ್ನ ಮಿಸೆಸ್‌ಗೆ ಬರುತ್ತೆ. ಪಿಯುಸೀಲಿ ತೊಂಬತ್ತೆರಡು."

ಆ ಕಡೆಯ ದನಿ ಬಿಗಿಯಾಯಿತು. "ಭಾಳ ಬರ್ತೈತೇನ್ರಿ ಅವರಿಗೆ?"

"ಭಾಳ ಏನಿಲ್ಲ. ಸ್ವಲ್ಪ."

"ಸ್ವಲ್ಪ ಆದ್ರ ಸಾಕ್ರಿ," ಎಂದ ಚಂದ್ರಹಾಸ. ಅವನ ದನಿಯಲ್ಲಿ ಬಿಗಿ ಸಡಿಲಿದ್ದು ನನಗೆ ಗೊತ್ತಾಯಿತು. ಆಗ ಅದನ್ನು ಒಳ್ಳೆಯ ಮನಸ್ಸು ಎಂದುಕೊಂಡೆ.

ಕಂಪನಿ ಗಣಿಗಳಿಗೆ, ನಿಕ್ಕಲ್ ಕರಗಿಸುವ ಕಾರ್ಖಾನೆಗಳಿಗೆ ಸಾಮಾನು ಸರಬರಾಜು ಮಾಡುತ್ತದೆ ಎಂದಷ್ಟೇ ಅವನು ಹೇಳಿದ. ಮೊದಲ ಎರಡು ವಾರ ಮನೆಯಿಂದಲೇ ಕೆಲಸ, ಆಮೇಲೆ ಹೊರಡಬೇಕು. ಮ್ಯಾನೇಜರು ಸ್ಕೈಪಿನಲ್ಲಿ ಒಮ್ಮೆ ಮುಖ ತೋರಿಸಿದ. ಬಿಳಿ ಅಂಗಿ, ಹಿಂದೆ ಖಾಲಿ ಗೋಡೆ. ಏನೋ ಎರಡು ಮಾತಾಡಿ ನಕ್ಕ, ನಾವೂ ನಕ್ಕೆವು. ಅದೇ ಇಂಟರ್‌ವ್ಯೂ. ಒಂದು ಪ್ರಶ್ನೆಯನ್ನೂ ಕೇಳದೆ ಕೆಲಸ ಕೊಟ್ಟರಲ್ಲ ಎಂದು ಬದರಿ ಮುಖ ಸಣ್ಣದು ಮಾಡಿದರು. "ನಿಮ್ಮ ಹೆಸರು ಅಲ್ಲೀವರೆಗೂ ಹೋಗಿದೆ ಕಣ್ರೀ," ಎಂದೆ ನಾನು.

ಪ್ರೋಗ್ರಾಮು ಬಂತು. ಬದರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತರು, ನಾನು ಪಕ್ಕದಲ್ಲಿ ಲೈಬ್ರರಿಯಿಂದ ತಂದ ನಿಘಂಟು ಹಿಡಿದು ಕುಳಿತೆ. ಎಷ್ಟೋ ವರ್ಷದಿಂದ ನಾವು ಹಾಗೆ ಒಟ್ಟಿಗೆ ಕುಳಿತೇ ಇರಲಿಲ್ಲ. ಹಳೆಯ ಕಾಲದ ಪ್ರೋಗ್ರಾಮರುಗಳು ತಾವು ಬದಲಾಯಿಸಿದ ಪ್ರತಿ ಸಾಲಿನ ಪಕ್ಕದಲ್ಲೂ ಇನಿಷಿಯಲ್ಲು, ತಾರೀಖು ಹಾಕುತ್ತಾರೆ. ಇದರಲ್ಲಿ ಹನ್ನೊಂದು ವರ್ಷದಿಂದ ಒಂದೇ ಕೈ ಕಾಣುತ್ತಿತ್ತು, ಜೆ.ಪಿ.ಎಲ್. ಅದು ಫೆಬ್ರವರಿ ಹದಿನಾಲ್ಕಕ್ಕೆ ನಿಂತುಬಿಟ್ಟಿತ್ತು. ಕೊನೆಯ ಸಾಲಿನ ಮೇಲೆ ದೊಡ್ಡಕ್ಷರದಲ್ಲಿ ಅವನೊಂದು ಟಿಪ್ಪಣಿ ಬರೆದಿದ್ದ. ನಾನು ಓದಿ ಅರ್ಥ ಹೇಳಿದೆ: 'ಭೇಟಿ ಇಲ್ಲದೆ ಇದನ್ನು ಬದಲಾಯಿಸಬೇಡಿ.'

"ಭೇಟಿ ಅಂದ್ರೆ?"

"ವಿಸೀತ್ ಅಂತಿದೆ. ವಿಸಿಟ್ಟು. ನೀವು ಅಲ್ಲಿಗೆ ಹೋಗ್ತೀರಲ್ಲ, ಅದೇ ಭೇಟಿ."

"ಈ ಜೆ.ಪಿ.ಎಲ್. ಯಾಕೆ ಬಿಟ್ಟ, ಕೇಳಬೇಕು," ಎಂದರು ಬದರಿ. ಕೇಳಿದರು. 'ಆರೋಗ್ಯ' ಎಂದು ಒಂದೇ ಪದದ ಉತ್ತರ ಬಂತು.

ಫೈಲಿನಲ್ಲಿದ್ದದ್ದು ಬೂತೇಯ್, ಎಂದರೆ ಬಾಟಲಿ. ಇದಕ್ಕೆ ನಿಘಂಟೂ ಬೇಕಾಗಲಿಲ್ಲ, ಪಿಯುಸಿಯ ಮೂರನೆಯ ಪಾಠದಲ್ಲೇ ಇತ್ತು. ಪ್ರತಿ ಬಾಟಲಿಗೂ ಒಂದು ನಂಬರು, ನಂಬರಿನ ಹಿಂದೆ ಎ ಆರ್ ಐ ಎಂಬ ಅಕ್ಷರ. "ಅರಿ ಅಂದ್ರೆ ಶತ್ರು," ಎಂದು ನಾನು ತಮಾಷೆ ಮಾಡಿದೆ. ಪ್ರತಿ ಬಾಟಲಿಗೂ ಪರೀಕ್ಷೆಯ ತಾರೀಖು ಎಂಬ ಒಂದು ಕಾಲಂ. ಫ್ರೆಂಚರು, ಬಾಟಲಿ, ಪರೀಕ್ಷೆ. ಇನ್ನೇನಿರುತ್ತದೆ? ಗಣಿಯ ಕ್ಯಾಂಟೀನುಗಳಿಗೆ ವೈನು ಕೊಡುತ್ತಾರೆ, ರುಚಿ ನೋಡಿದ ತಾರೀಖು ಬರೆದಿಡುತ್ತಾರೆ ಎಂದು ನಾನೇ ಕಥೆ ಕಟ್ಟಿದೆ. ದಿನಾ ಸಂಧ್ಯಾವಂದನೆ ಮಾಡುವ ಮನುಷ್ಯನಿಗೆ ಬಾಟಲಿ ಎಣಿಸುವ ಕೆಲಸ ಸಿಕ್ಕಿತಲ್ಲ ಎಂದು ಇಬ್ಬರೂ ನಕ್ಕೆವು.

ಎರಡನೆಯ ವಾರದ ಸೋಮವಾರ ಮ್ಯಾನೇಜರನ ಮೇಲ್ ಬಂತು. ಸ್ಥಿತಿ ಆರ್ ಎಂದಿರುವ ಅರವತ್ತನಾಲ್ಕು ಬಾಟಲಿಗಳ ಪರೀಕ್ಷೆಯ ತಾರೀಖನ್ನು ಹದಿನೆಂಟು ತಿಂಗಳು ಮುಂದೆ ಹಾಕಬೇಕು. ದಾಖಲೆ ಹಾಕುವಾಗ ಆದ ತಪ್ಪಂತೆ. ಮುಂದಿನ ಸೋಮವಾರ ತನಿಖೆಯವರು ಬರುತ್ತಾರೆ, ಅಷ್ಟರೊಳಗೆ ಆಗಬೇಕು. ಬದಲಾವಣೆ ಏನೆಂದು ಅರ್ಥವಾಗಿದೆ ಎಂದು ಲಿಖಿತದಲ್ಲಿ ಉತ್ತರಿಸಬೇಕು.

ಬದರಿ ಕೀಲಿಮಣೆಯ ಮೇಲಿಂದ ಕೈ ತೆಗೆದರು. "ಆರ್ ಅಂದ್ರೆ ಏನು?"

"ರೂಜ್. ಕೆಂಪು. ಕೆಂಪು ವೈನು."

"ಅರವತ್ತನಾಲ್ಕು ಬಾಟಲಿದೂ ಒಂದೇ ಥರ ತಪ್ಪಾಗುತ್ತಾ? ತಪ್ಪಾಗಿದ್ರೆ ಒಂದೊಂದು ಒಂದೊಂದು ಥರ ಇರಬೇಕು. ನನಗೆ ಇದು ಸರಿ ಕಾಣ್ತಿಲ್ಲ, ಕಾತ್ಯಾಯಿನಿ. ತಾರೀಖು ದಾಟಿರೋದನ್ನ ಯಾರಾದ್ರೂ ಕುಡಿದು ಹೊಟ್ಟೆ ಕೆಟ್ರೆ?"

ಒಂದು ಇಡೀ ದಿನ ಅವರು ಆ ಸಾಲು ಮುಟ್ಟಲಿಲ್ಲ. ಕಿಟಕಿಯ ಬಳಿ ನಿಂತರು, ಕುಳಿತರು, ಮತ್ತೆ ನಿಂತರು. ನನಗೆ ಹೆದರಿಕೆಯಾಯಿತು. ಬಾಟಲಿಗೆ ಹೆದರಲಿಲ್ಲ, ಈ ಕೆಲಸವೂ ಕೈತಪ್ಪಿ ಆ ದರಿದ್ರ 'ಪಾಪ' ಮತ್ತೆ ಮನೆಯೊಳಗೆ ಬಂದು ಕೂರುತ್ತದೆ ಎಂದು ಹೆದರಿದೆ. "ವೈನು ಹಳೇದಾದಷ್ಟೂ ಒಳ್ಳೇದಂತೆ ಕಣ್ರೀ," ಎಂದು ರೇಗಿದೆ. "ಯಾರ ಹೊಟ್ಟೇನೂ ಕೆಡಲ್ಲ. ನಿಮ್ಮ ಅತಿ ಎಚ್ಚರಿಕೆಯಿಂದಾನೇ ಹೀಗಾಗಿರೋದು ನಾವು." ಹಾಗೆ ಅನ್ನಬಾರದಿತ್ತು. ಅವರು ಹೋಗಿ ಕುಳಿತು ಆರು ಸಾಲು ಬರೆದರು, ಪಕ್ಕದಲ್ಲಿ ಎಂ.ಎನ್.ಬಿ. ಎಂದು ತಮ್ಮ ಇನಿಷಿಯಲ್ಲು ಹಾಕಿದರು. ಉತ್ತರ ನಾನೇ ಬರೆದೆ. ನಮಗೆ ಚೆನ್ನಾಗಿ ಅರ್ಥವಾಗಿದೆ ಎಂದು, ವ್ಯಾಕರಣ ಎರಡು ಸಲ ನೋಡಿ, ಶುದ್ಧ ಫ್ರೆಂಚಿನಲ್ಲಿ. ಬುಧವಾರ ಆ ಬದಲಾವಣೆ ಅಲ್ಲಿ ಚಾಲೂ ಆಯಿತು. ಗುರುವಾರ ಟಿಕೆಟ್ ಬಂತು. ಭಾನುವಾರ ಬೆಳಿಗ್ಗೆ ವಿಮಾನ.

ಶನಿವಾರ ಬೀಳ್ಕೊಡುಗೆ ಊಟ, ಹಿಂದಿನ ಬೀದಿಯ ರುದ್ರಾಣಿಯ ಮನೆಯಲ್ಲಿ. ರುದ್ರಾಣಿ ಗದಗಿನವಳು, ಮೂವತ್ತು ಜನಕ್ಕೆ ರೊಟ್ಟಿ ಬಡಿಯುತ್ತೇನೆಂದು ಹಿತ್ತಲಿನಲ್ಲಿ ದೊಡ್ಡ ಒಲೆ ಹೂಡಿದ್ದಳು. ಹತ್ತು ಗಂಟೆಗೆ ಗ್ಯಾಸು ಮುಗಿಯಿತು.

"ಕಾತ್ಯಾಯಿನಿ, ಸಿಲಿಂಡರ್ ಖಾಲಿ ಆಗೇತಿ. ಶೆಡ್ಡಿನ್ಯಾಗ ಇನ್ನೊಂದು ಹಳೇದು ಬಿದ್ದೈತಿ, ಅದನ್ನ ತುಂಬಿಸ್ಕೊಂಡು ಬರ್ರಿ ಇಬ್ರೂ," ಎಂದಳು.

ಪೆಟ್ರೋಲ್ ಬಂಕಿನಲ್ಲಿ ಗ್ಯಾಸು ತುಂಬಿಸುವ ಹೆಂಗಸು ಕೈಗವಸು ಹಾಕಿಕೊಂಡು ಬಂದಳು. ತುಂಬಿಸುವ ಮೊದಲು ಸಿಲಿಂಡರಿನ ಕತ್ತು ತಿರುಗಿಸಿ, ಅಲ್ಲಿ ಕೆತ್ತಿದ್ದ ಅಂಕೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು. ತಲೆಯಾಡಿಸಿದಳು. ಈ ಬಾಟ್ಲ್ ತುಂಬಿಸಲು ಆಗುವುದಿಲ್ಲ, ಇದರ ಟೆಸ್ಟ್ ಡೇಟ್ ಮುಗಿದುಹೋಗಿದೆ ಎಂದಳು.

ಒಂಬತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ. ಇಲ್ಲಿನವರು ಸಿಲಿಂಡರಿಗೆ ಬಾಟ್ಲ್ ಎನ್ನುವುದನ್ನು ನೂರು ಸಲ ಕೇಳಿದ್ದೇನೆ, ಬೋರ್ಡಿನಲ್ಲಿ ಓದಿದ್ದೇನೆ. ಮನೆಗೆ ಬಂದು ಸಿಲಿಂಡರ್ ಎಂದೇ ಅನ್ನುತ್ತೇನೆ. ಆ ಎರಡು ಪದ ನನ್ನ ತಲೆಯಲ್ಲಿ ಯಾವತ್ತೂ ಒಂದನ್ನೊಂದು ಮುಟ್ಟಿರಲಿಲ್ಲ. ಈಗ ಮುಟ್ಟಿದವು.

ಹಾಗೇ ತುಂಬಿಸಿದರೆ ಏನಾಗುತ್ತದೆ ಎಂದು ಅವಳನ್ನು ಕೇಳಿದೆ. ಏನೂ ಆಗದೇ ಇರಬಹುದು, ಒಂದು ದಿನ ನಿನ್ನ ತಲೆಯ ಪಕ್ಕದಲ್ಲೇ ಸಿಡಿಯಲೂಬಹುದು ಎಂದಳು. ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು ಅದು, ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

ಬದರಿ ಇನ್ನೂ ಪರ್ಸು ಹಿಡಿದು ನಿಂತಿದ್ದರು. "ಬೇರೆ ಬಂಕಿಗೆ ಹೋಗೋಣ್ವಾ?"

"ಮನೆಗೆ ನಡೀರಿ," ಎಂದೆ.

ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಎ ಆರ್ ಐ ಎಂಬ ಮೂರಕ್ಷರವನ್ನು ಫ್ರೆಂಚಿನಲ್ಲಿ ಹುಡುಕಿದೆ. ಎರಡು ವಾರದ ಹಿಂದೆ ಮಾಡಬೇಕಾಗಿದ್ದ ಕೆಲಸ. ಚಿತ್ರ ಬಂತು: ಮುಖವಾಡ ಹಾಕಿಕೊಂಡ ಒಬ್ಬ ಮನುಷ್ಯ, ಬೆನ್ನ ಮೇಲೆ ಹಳದಿ ಸಿಲಿಂಡರು. ವಿಷದ ಗಾಳಿಯಲ್ಲಿ, ಹೊಗೆಯಲ್ಲಿ ಇಳಿಯುವವರು ಉಸಿರಾಡಲು ಹೊರುವ ಗಾಳಿಯ ಬಾಟಲಿ. ಭೇಟಿ ಎಂದು ನಾನು ಹೇಳಿದ್ದು ಭೇಟಿಯಲ್ಲ, ಸಿಲಿಂಡರನ್ನು ಬಿಚ್ಚಿ ಒಳಗೆ ನೋಡುವ ತಪಾಸಣೆ. ಕೊನೆಗೆ ಆರ್ ನೋಡಿದೆ. ಫೈಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪೂರ್ತಿ ಪದ ಇತ್ತು, ಅದು ರೂಜ್ ಅಲ್ಲ. ರೆಬ್ಯು. ನಿಘಂಟಿನಲ್ಲಿ ಅರ್ಥ ಹೀಗಿತ್ತು: ತಿರಸ್ಕರಿಸಿದ್ದು, ಎಸೆಯತಕ್ಕದ್ದು.

ಪರೀಕ್ಷೆಯಲ್ಲಿ ಫೇಲಾಗಿ ಎಸೆಯಬೇಕಾಗಿದ್ದ ಅರವತ್ತನಾಲ್ಕು ಸಿಲಿಂಡರಿಗೆ ನಾವಿಬ್ಬರೂ ಸೇರಿ ಹದಿನೆಂಟು ತಿಂಗಳ ಆಯುಷ್ಯ ಬರೆದುಕೊಟ್ಟಿದ್ದೆವು. ಬದರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಪ್ರೋಗ್ರಾಮಿನೊಳಗೆ ಹೋಗಿ ಹಳೆಯದನ್ನು ಮತ್ತೆ ಹಾಕಲು ನೋಡಿದರು. ಪಾಸ್‌ವರ್ಡು ನಡೆಯಲಿಲ್ಲ. ಇನ್ನೊಮ್ಮೆ ಹೊಡೆದರು. ಗುರುವಾರದಿಂದಲೇ ಬದರಿಗೆ ಅದರ ಬಾಗಿಲು ಮುಚ್ಚಿತ್ತು. ಆ ಮಾತು ಪರದೆಯ ಮೇಲೆ ಫ್ರೆಂಚಿನಲ್ಲಿತ್ತು, ಅದು ಮಾತ್ರ ನನಗೆ ಸರಿಯಾಗಿ ಅರ್ಥವಾಯಿತು.

ಚಂದ್ರಹಾಸನಿಗೆ ಫೋನ್ ಮಾಡಿದರು. ಎಲ್ಲವನ್ನೂ ಕೇಳಿಸಿಕೊಂಡ ಅವನು ಎಳ್ಳಷ್ಟೂ ಗಾಬರಿಯಾಗಲಿಲ್ಲ.

"ಸರ್, ನಾ ಬರೇ ಏಜೆಂಟ್ರಿ. ಬಾಟ್ಲಿಯೋ ಸಿಲಿಂಡರೋ ನನಗೇನ್ ಗೊತ್ತು? ಸೋಮವಾರ ಆಡಿಟ್ ಒಂದು ಮುಗೀಲಿ, ನೀವು ಅಲ್ಲಿಗೆ ಹೋಗಿ ನಿಧಾನಕ್ಕ ಮಾತಾಡ್ರಿ."

"ಸೋಮವಾರದೊಳಗೆ ಯಾರಾದ್ರೂ ಅದನ್ನ ಬೆನ್ನಿಗೆ ಕಟ್ಕೊಂಡು ಇಳಿದ್ರೆ?"

"ಅದಕ್ಕ ನೀವು ಜವಾಬ್ದಾರರು ಅಂತ ನಾ ಅಂದ್ನೇನ್ರಿ? ಹಂಗ ನೋಡಿದ್ರ ಕೋಡಿನ್ಯಾಗ ನಿಮ್ಮ ಹೆಸರೈತಿ. ತಿಳದೈತಿ ಅಂತ ನಿಮ್ಮ ಮಿಸೆಸ್ ಬರೆದಿದ್ದ ಮೇಲ್ ಐತಿ. ಇದನ್ನ ಎತ್ತಿ ನಿಮಗೇನ್ ಬರ್ತೈತ್ರಿ? ಹಿಂದಿನಾವ್ರೂ ಹಿಂಗ ಚಿಂತಿ ಮಾಡಾಕತ್ತಿದ್ರು."

"ಅವರಿಗೆ ಏನಾಯ್ತು?"

"ಅವರು ಈಗ ಇಲ್ರಿ ಅಲ್ಲಿ," ಎಂದು ಅವನು ಫೋನಿಟ್ಟ.

ಗೋಡೆಯ ಆಚೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಮನೆಯ ಬಾಗಿಲಲ್ಲಿ ಬದರಿಯ ಸೂಟ್‌ಕೇಸು ತಯಾರಾಗಿ ನಿಂತಿತ್ತು. ರುದ್ರಾಣಿ ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಅಲ್ಲಿ ಮೂವತ್ತು ಜನ ಬದರಿಗೆ ಕೈಕುಲುಕಲು ಕಾಯುತ್ತಿದ್ದರು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಸುಮ್ಮನಿದ್ದುಬಿಡೋಣ ರೀ," ಎಂದೆ. "ನೀವು ಹೋಗಬೇಡಿ, ಹುಷಾರಿಲ್ಲ ಅನ್ನೋಣ. ನಮಗೆ ಗೊತ್ತೇ ಆಗಲಿಲ್ಲ ಅಂದ್ಕೊಳೋಣ. ಬಂಕಿಗೆ ಹೋಗದೇ ಇದ್ದಿದ್ರೆ ಗೊತ್ತಾಗ್ತಿತ್ತಾ?"

ಅವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಕೋಪ ಇರಲಿಲ್ಲ ಅದರಲ್ಲಿ. ನನ್ನ ಬಗ್ಗೆ ಪಾಪ ಎನ್ನಿಸಿದ ಹಾಗಿತ್ತು.

"ನಮ್ಮ ಹತ್ರ ಇಳಿಸಿಕೊಂಡಿರೋ ಫೈಲಲ್ಲಿ ಸಿಲಿಂಡರು ಹೋಗಿರೋ ಕಡೆಗಳ ಫೋನ್ ನಂಬರಿದೆ," ಎಂದರು. "ಅರವತ್ತನಾಲ್ಕರಲ್ಲಿ ನಲವತ್ತು ಒಂದೇ ಕಾರ್ಖಾನೇಲಿವೆ. ನಂಬರ್ ಹೊಡೀತೀನಿ, ನೀನು ಮಾತಾಡು."

"ನನಗೆ ಮಾತಾಡೋಕೆ ಬರಲ್ಲ. ನಾನು ಯಾವತ್ತೂ ಮಾತಾಡಿಲ್ಲ ರೀ."

"ಬಂದಷ್ಟು ಮಾತಾಡು."

ಹೇಳಬೇಕಾದ್ದನ್ನು ಹಾಳೆಯ ಮೇಲೆ ಬರೆದುಕೊಂಡೆ. ಫೋನು ಬಹಳ ಹೊತ್ತು ಬಡಿದುಕೊಂಡಿತು. ಒಬ್ಬ ಗಂಡಸು ಎತ್ತಿದ, ಅವನ ಹಿಂದೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ಬರೆದುಕೊಂಡದ್ದನ್ನು ಓದಿದೆ. ಬಾಟಲಿಗಳು ಕೆಟ್ಟಿವೆ. ತಾರೀಖು ಸುಳ್ಳು. ಉಪಯೋಗಿಸಬೇಡಿ. ಅವನು ಬಡಬಡನೆ ಏನೋ ಹೇಳಿದ. ತೊಂಬತ್ತೆರಡು ಮಾರ್ಕಿನ ನನಗೆ ಒಂದಕ್ಷರ ತಿಳಿಯಲಿಲ್ಲ. ಮತ್ತೆ ಅದನ್ನೇ ಓದಿದೆ. ಅವನು ನಕ್ಕು ಯಾರಿಗೋ ಏನೋ ಕೂಗಿ ಹೇಳಿದ, ಆ ಕಡೆಯೂ ನಕ್ಕರು. ಯಾರೋ ಹುಚ್ಚು ಹೆಂಗಸು ಎಂದುಕೊಂಡಿರಬೇಕು. ಮೂರನೆಯ ಸಲ ಓದುವಾಗ ನನಗೆ ಅಳು ಬಂತು. ಆಗ ಅವನು ನಗು ನಿಲ್ಲಿಸಿದ. ನಿಧಾನವಾಗಿ, ಮಗುವಿಗೆ ಕೇಳುವ ಹಾಗೆ, ಒಂದು ಪ್ರಶ್ನೆ ಕೇಳಿದ. ನಮ್ಮ ಮೇಷ್ಟರು ಮೊದಲ ದಿನ ಬೋರ್ಡಿನ ಮೇಲೆ ಬರೆದ ಪ್ರಶ್ನೆ ಅದು.

"ಹೆಸರು ಕೇಳ್ತಿದಾನೆ," ಎಂದೆ ಬದರಿಗೆ, ಫೋನನ್ನು ಕೈಯಿಂದ ಮುಚ್ಚಿ.

"ನನ್ನದು ಹೇಳು."

"ಬೇಡ ರೀ. ಆಮೇಲೆ ನೀವೇ ಮಾಡಿದ್ದು ಅಂತ ಆಗುತ್ತೆ. ಎಲ್ಲ ಕಡೆ ಗೊತ್ತಾಗುತ್ತೆ. ಇನ್ನು ಯಾರೂ ನಿಮ್ಮನ್ನ..."

"ನಾನೇ ಮಾಡಿದ್ದು," ಎಂದರು ಬದರಿ. "ಹೆಸರಿಲ್ಲದ ಮಾತನ್ನ ಅವನು ಯಾಕೆ ನಂಬ್ತಾನೆ? ಹೇಳು."

ಹೇಳಿದೆ. ಮೈಸೂರು ನರಸಿಂಹಾಚಾರ್ ಬದರಿನಾಥ್, ಪ್ರೋಗ್ರಾಮು ಬದಲಾಯಿಸಿದವರು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಅವನು ಒಂದೊಂದನ್ನೂ ತಿರುಗಿ ಹೇಳುತ್ತಾ ಬರೆದುಕೊಂಡ. ಆಮೇಲೆ ನನ್ನ ಹೆಸರನ್ನೂ ಹೇಳಿದೆ, ಅವನು ಕೇಳದಿದ್ದರೂ. ಆ ಕಡೆಯ ದನಿ ಬೇರೆಯಾಗಿಬಿಟ್ಟಿತು. ನ್ಯುಮೆರೋ ಎಂದ. ನಂಬರುಗಳು. ಅಂಕೆಗಳು ನನಗೆ ಬರುತ್ತವೆ, ಅದೊಂದು ಬರುತ್ತದೆ. ಬದರಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಂತೆ ಒಂದೊಂದಾಗಿ ಓದುತ್ತಾ ಹೋದೆ. ಅವನು ಹೂಂ ಎನ್ನುತ್ತಿದ್ದ. ಹನ್ನೊಂದನೆಯದನ್ನು ಓದಿದಾಗ ತಡೆದ. ಇನ್ನೊಮ್ಮೆ ಹೇಳು ಎಂದ. ಹೇಳಿದೆ.

ಫೋನು ಮೇಜಿನ ಮೇಲೆ ಬಿದ್ದ ಸದ್ದಾಯಿತು, ಓಡುವ ಸದ್ದಾಯಿತು. ಆಮೇಲೆ ದೂರದಿಂದ ಅವನ ದನಿ ಕೇಳಿಸಿತು. ಯಾರನ್ನೋ ಕರೆಯುತ್ತಿದ್ದ. ಎತಿಯೆನ್, ಎತಿಯೆನ್ ಎಂದು. ಆ ಹನ್ನೊಂದನೆಯ ಸಿಲಿಂಡರು ಈಗ ಯಾರ ಬೆನ್ನ ಮೇಲಿದೆ ಎಂದು ತಿಳಿಯಲು ಫ್ರೆಂಚು ಬೇಕಾಗಲಿಲ್ಲ. ಬದರಿ ನನ್ನ ಕೈಯಿಂದ ಫೋನು ತೆಗೆದುಕೊಂಡು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಅವನು ಕರೆಯುತ್ತಲೇ ಇದ್ದ, ಇನ್ನೂ ಇಬ್ಬರು ಮೂವರು ಅವನ ಜೊತೆ ಸೇರಿ ಕರೆಯತೊಡಗಿದರು. ನಾವಿಬ್ಬರೂ ಉಸಿರು ಹಿಡಿದು, ಆ ಎತಿಯೆನ್ ಎಂಬವನು ಓಗೊಡಲಿ ಎಂದು ಕಾಯುತ್ತಾ ಕುಳಿತೆವು.